ಬಳ್ಳಿಯಲ್ಲದ ಬಳ್ಳಿಗುಲಾಬಿ

ಹೂವಿಲ್ಲದ ಕಾಲದಲ್ಲಿ ಬಳ್ಳಿಗಳ ಗುರುತು ಹಿಡಿಯುವುದು ನನಗೆ ಬಲು ಇಷ್ಟದ ಕೆಲಸ. ಹೂ ಬಿಟ್ಟ ಮೇಲೆ ಯಾರು ಬೇಕಾದರೂ ಹೆಸರು ಹೇಳಿಯಾರು. ಬರೀ ಎಲೆ, ಗೆಣ್ಣು, ಕಾಂಡ ಇಷ್ಟೇ ಕಣ್ಣೆದುರಿಗಿದ್ದಾಗ ಗಿಡ ತನ್ನ ನಿಜವಾದ ಸ್ವಭಾವವನ್ನು ಬಿಚ್ಚಿ ತೋರಿಸುತ್ತದೆ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಕಾಂಪೌಂಡಿನ ಮೇಲೆ, ಗೇಟಿನ ಕಮಾನಿನ ಮೇಲೆ, ಮಹಡಿಯ ಗ್ರಿಲ್ಲಿನ ಮೇಲೆ ಏನಾದರೊಂದು ಹಬ್ಬಿರದ ಮನೆ ಕಡಿಮೆ. ಸಂಜೆ ನಡೆಯಲು ಹೊರಟರೆ ಒಂದು ಬೀದಿ ದಾಟುವಷ್ಟರಲ್ಲಿ ನಾಲ್ಕಾರು ಕಡೆ ನಿಂತು ನೋಡುವುದಿರುತ್ತದೆ.

ಹೃದಯದ ಆಕಾರದ ಎಲೆಯನ್ನೇ ತೆಗೆದುಕೊಳ್ಳಿ. ಅಮೃತಬಳ್ಳಿ, ವೀಳ್ಯದೆಲೆ, ಮನಿ ಪ್ಲಾಂಟ್, ಗೆಣಸಿನ ಬಳ್ಳಿ, ಎಲ್ಲದರದ್ದೂ ಹೆಚ್ಚುಕಡಿಮೆ ಅದೇ ಎಲೆ. ದೂರದಿಂದ ಕಂಡವರು ಒಂದನ್ನು ಇನ್ನೊಂದೆಂದು ಹೇಳಿಬಿಡುತ್ತಾರೆ. ಹತ್ತಿರ ಹೋಗಿ ಮುಟ್ಟಿದರೆ ಸಂದೇಹ ಉಳಿಯುವುದಿಲ್ಲ. ವೀಳ್ಯದ ಎಲೆ ಹಿಸುಕಿದರೆ ಖಾರದ ಘಮ ಬೆರಳಿಗೆ ಹತ್ತುತ್ತದೆ. ಗೆಣ್ಣುಗೆಣ್ಣಿಗೂ ಬೇರು ಹೊರಟು ಮರವನ್ನೋ ಗೋಡೆಯನ್ನೋ ಕಚ್ಚಿರುತ್ತದೆ. ಮನಿ ಪ್ಲಾಂಟಿಗೂ ಗೆಣ್ಣಿನಲ್ಲೇ ಬೇರು, ಆದರೆ ಕಾಂಡ ದಪ್ಪ, ಎಲೆಯ ಮೇಲೆ ಹಳದಿ ಚಿತ್ತಾರ, ಘಮವಿಲ್ಲ. ಅಮೃತಬಳ್ಳಿ ಬೇರೂರಿ ಹತ್ತುವುದಿಲ್ಲ, ಸುತ್ತಿ ಹತ್ತುತ್ತದೆ. ಅದರ ಬೇರುಗಳು ಮೇಲಿನಿಂದ ದಾರದಂತೆ ಗಾಳಿಯಲ್ಲಿ ಇಳಿಬಿದ್ದಿರುತ್ತವೆ. ತೆಳು ಸಿಪ್ಪೆಯನ್ನು ಉಗುರಿನಿಂದ ಕೆರೆದರೆ ಒಳಗೆ ಹಚ್ಚ ಹಸಿರು.

ಇದು ಬರೀ ಕುತೂಹಲದ ಮಾತಲ್ಲ. ಅಮೃತಬಳ್ಳಿಯನ್ನು ಕಷಾಯಕ್ಕೆ ಬಳಸುವವರು ಬಹಳ ಮಂದಿ. ಅದರ ಹತ್ತಿರದ ಬಂಧು ಟೈನೋಸ್ಪೋರಾ ಕ್ರಿಸ್ಪಾ ನೋಟಕ್ಕೆ ಅದರಂತೆಯೇ ಇರುತ್ತದೆ. ಅದನ್ನು ಕುಡಿದರೆ ಆರೋಗ್ಯಕ್ಕೆ ಹಾನಿಯಾಗಬಹುದು. 2022ರಲ್ಲಿ ಕೇಂದ್ರದ ಆಯುಷ್ ಸಚಿವಾಲಯವೇ ಈ ಎರಡರ ವ್ಯತ್ಯಾಸವನ್ನು ಬಿಡಿಸಿ ಹೇಳಿ ಎಚ್ಚರಿಸಿತ್ತು. ಕ್ರಿಸ್ಪಾದ ಬೂದು ಛಾಯೆಯ ಕಾಂಡದ ತುಂಬ ಗಂಟುಗಂಟು, ಮುರಿದರೆ ಹಾಲಿನಂಥ ರಸ. ನಮ್ಮ ಅಮೃತಬಳ್ಳಿಗೆ ಆ ಗಂಟುಗಳೂ ಇಲ್ಲ, ಹಾಲೂ ಇಲ್ಲ. ಕಾಂಡದ ಮೇಲೆ ಒಮ್ಮೆ ಬೆರಳಾಡಿಸಿ ನೋಡುವ ತಾಳ್ಮೆ ಎಷ್ಟು ದೊಡ್ಡದೆಂದು ಇಲ್ಲಿ ಗೊತ್ತಾಗುತ್ತದೆ.

ಎಲೆಗಿಂತಲೂ ಹೆಚ್ಚಿನ ಗುರುತು ಹತ್ತುವ ಬಗೆಯಲ್ಲಿದೆ. ಇದನ್ನು ಮೊದಲು ಕ್ರಮವಾಗಿ ನೋಡಿ ಬರೆದವರಲ್ಲಿ ಚಾರ್ಲ್ಸ್ ಡಾರ್ವಿನ್ ಮುಖ್ಯ. ಕಾಯಿಲೆಯಿಂದ ಕೋಣೆ ಬಿಟ್ಟು ಹೊರಬರಲಾಗದಿದ್ದ ದಿನಗಳಲ್ಲಿ ಅವರು ಕುಂಡದ ಹಾಪ್ಸ್ ಬಳ್ಳಿಯ ಕುಡಿ ತಿರುಗುವುದನ್ನು ಹಗಲೂ ರಾತ್ರಿ ಗಮನಿಸಿದರು. 1865ರಲ್ಲಿ ಲಿನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ಬಂದ ಆ ದೀರ್ಘ ಬರಹ 1875ರಲ್ಲಿ ಪುಸ್ತಕವಾಯಿತು. ಸಿರೋಪೀಜಿಯಾ ಎಂಬ ಬಳ್ಳಿಯ ಕುಡಿ ಆಸರೆ ಹುಡುಕುತ್ತಾ 5 ಅಡಿಗೂ ಹೆಚ್ಚು ಅಗಲದ ವೃತ್ತವನ್ನು ಗಾಳಿಯಲ್ಲಿ ಬರೆಯಿತೆಂದೂ ಅದರ ವೇಗ ಗಂಟೆಗೆ 32 ಅಂಗುಲದಷ್ಟಿತ್ತೆಂದೂ ಅವರು ಅದರಲ್ಲಿ ದಾಖಲಿಸಿದ್ದಾರೆ. ಅಲುಗಾಡದೆ ನಿಂತಿದೆ ಎಂದು ನಾವು ಭಾವಿಸುವ ಕುಡಿ ದಿನವಿಡೀ ತಡಕಾಡುತ್ತಿರುತ್ತದೆ.

ಕೆಲವು ಬಳ್ಳಿಗಳು ಕಾಂಡವನ್ನೇ ಸುತ್ತಿ ಏರುತ್ತವೆ. ಶಂಖಪುಷ್ಪ, ಬಸಳೆ, ಪಶ್ಚಿಮ ಘಟ್ಟದಲ್ಲಿ ಹುಟ್ಟಿ ಮೈಸೂರಿನ ಹೆಸರನ್ನು ಜಗತ್ತಿನ ತೋಟಗಳಿಗೆಲ್ಲ ಕೊಂಡೊಯ್ದ ಥನ್‌ಬರ್ಜಿಯಾ ಮೈಸೂರೆನ್ಸಿಸ್, ಇವೆಲ್ಲ ಆ ಜಾತಿ. ಸುತ್ತುವ ದಿಕ್ಕೂ ಒಂದು ಗುರುತೇ. ಬಳ್ಳಿಯ ಮೇಲೇ ಗಡ್ಡೆ ಬಿಡುವ ದುಂಡು ಕಾಂಡದ ಕಾಡುಗೆಣಸು ಒಂದು ದಿಕ್ಕಿಗೆ ಸುತ್ತಿದರೆ, ಕಾಂಡಕ್ಕೆ ಏಣುಗಳುಳ್ಳ ದೊಡ್ಡ ಗೆಣಸು ಅದಕ್ಕೆ ತದ್ವಿರುದ್ಧ ಸುತ್ತುತ್ತದೆ. ಬಲವಂತವಾಗಿ ತಿರುಗಿಸಿ ಕಟ್ಟಿದರೂ ಹೊಸ ಕುಡಿ ತನ್ನ ದಿಕ್ಕನ್ನೇ ಹಿಡಿಯುತ್ತದೆ. ಹೀರೆ, ಹಾಗಲ, ತೊಂಡೆಗಳಿಗೆ ಸುರುಳಿ ಕುಡಿಗಳಿವೆ. ಆಸರೆ ಸಿಕ್ಕ ಕುಡಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ: ಅರ್ಧದವರೆಗೆ ಒಂದು ಕಡೆ ಸುತ್ತಿರುತ್ತದೆ, ನಡುವೆ ಚಿಕ್ಕದೊಂದು ನೇರ ತುಂಡು, ಅಲ್ಲಿಂದ ಮುಂದೆ ಇನ್ನೊಂದು ಕಡೆಗೆ. ಎರಡು ತುದಿಯೂ ಬಿಗಿಯಾಗಿರುವಾಗ ನುಲಿಯದೆ ಸುರುಳಿಯಾಗಲು ಅದಕ್ಕೆ ಬೇರೆ ದಾರಿಯಿಲ್ಲ. ಗೌರಿ ಹೂವಿನ ಬಳ್ಳಿಯಲ್ಲಿ ಎಲೆಯ ತುದಿಯೇ ಉದ್ದವಾಗಿ ಸುರುಳಿಯಾಗಿರುತ್ತದೆ. ಹೂವಿಲ್ಲದಾಗಲೂ ಅದೊಂದರಿಂದಲೇ ಗುರುತಿಸಿ, ಆ ವಿಷದ ಗಡ್ಡೆಯ ಹತ್ತಿರ ಮಕ್ಕಳು ಹೋಗದಂತೆ ನೋಡಿಕೊಳ್ಳಬಹುದು.

ಇನ್ನು ಕೆಲವು ಗಿಡಗಳು ಸುತ್ತುವುದೂ ಇಲ್ಲ, ಹಿಡಿಯುವುದೂ ಇಲ್ಲ. ಉದ್ದುದ್ದ ಕೊಂಬೆ ಚಾಚಿ ಪಕ್ಕದ ಮರದ ಮೇಲೆ ಒರಗುತ್ತವೆ, ಮುಳ್ಳನ್ನು ಕೊಕ್ಕೆ ಮಾಡಿಕೊಂಡು ಜಾರದೆ ನಿಲ್ಲುತ್ತವೆ. ಬೋಗನ್‌ವಿಲ್ಲಾ ಈ ಗುಂಪಿನದು, ಬಳ್ಳಿಗುಲಾಬಿಯೂ ಈ ಗುಂಪಿನದೇ. ಇಬ್ಬರ ಮುಳ್ಳಿನಲ್ಲೂ ವ್ಯತ್ಯಾಸವಿದೆ. ಬೋಗನ್‌ವಿಲ್ಲಾದ ಮುಳ್ಳು ಎಲೆಯ ಕಂಕುಳಲ್ಲಿ ಹುಟ್ಟಿದ ಪುಟ್ಟ ಕೊಂಬೆ, ಕಿತ್ತರೆ ಸಲೀಸಾಗಿ ಬರುವುದಿಲ್ಲ. ಗುಲಾಬಿಯದು ತೊಗಟೆಯ ಮೇಲ್ಪದರದ ಬೆಳವಣಿಗೆ. ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ ಟಕ್ಕನೆ ಕಳಚಿ, ಕಾಂಡದ ಮೇಲೆ ಮೊಟ್ಟೆಯಾಕಾರದ ನಯವಾದ ಗುರುತು ಉಳಿಯುತ್ತದೆ. ಎಲ್ಲಿಂದ ಬೇಕಾದರೂ ಹೊರಡುವ ಆ ಮುಳ್ಳುಗಳ ತುದಿ ಕೆಳಕ್ಕೆ ಬಾಗಿದೆ. ಏರಿದ್ದು ಇಳಿಯಬಾರದೆಂಬ ಏರ್ಪಾಡು.

ಹಾಗಾಗಿ ಬಳ್ಳಿಗುಲಾಬಿ ನಿಜದಲ್ಲಿ ಬಳ್ಳಿಯೇ ಅಲ್ಲ. ಕಾಡಿನಲ್ಲಿ ಅದು ಹೇಗಿರುತ್ತದೆಂದು ನೋಡಿದರೆ ಮನೆಯಲ್ಲಿ ಅದಕ್ಕೆ ಏನು ಬೇಕೆಂಬುದು ತಿಳಿಯುತ್ತದೆ. ನೀಲಗಿರಿ, ಪಳನಿ ಬೆಟ್ಟಗಳ ಶೋಲಾ ಕಾಡಿನಲ್ಲಿ ಬಿಳಿ ಹೂವಿನ ರೋಸಾ ಲೆಷೆನಾಲ್ಟಿಯಾನಾ ಮರಗಳ ಮೇಲೇರಿ ಬೆಳಕಿನಲ್ಲಿ ಹೂ ಬಿಡುತ್ತದೆ. ಮಣಿಪುರದ ಬೆಟ್ಟಗಳಲ್ಲಿ 1882ರಲ್ಲಿ ಜಾರ್ಜ್ ವಾಟ್ ಕಂಡ ರೋಸಾ ಜೈಗಾಂಟಿಯಾ ಇನ್ನೂ ಭಾರಿಯದು. ಕೊಡೈಕನಾಲಿನ ಎಂ.ಎಸ್. ವೀರರಾಘವನ್ ಮತ್ತು ಗಿರಿಜಾ ದಂಪತಿ ನಮ್ಮಂಥ ಬೆಚ್ಚಗಿನ ನಾಡಿಗೆ ಒಗ್ಗುವ ಹೊಸ ಗುಲಾಬಿಗಳನ್ನು ರೂಪಿಸಲು ಈ ಕಾಡುಗುಲಾಬಿಯನ್ನೇ ಬಳಸಿಕೊಂಡರು. ಕಾಡಿನಲ್ಲಿ ಇವು ಏರುವ ಮರದ ನೆತ್ತಿಯಲ್ಲಿ ಬಿಸಿಲಿದೆ, ನಾಲ್ಕೂ ಕಡೆಯಿಂದ ಗಾಳಿಯಿದೆ. ನಾವು ಅಂಥದೇ ಗಿಡವನ್ನು ತಂದು ಕಾಂಪೌಂಡಿನ ಮೂಲೆಯಲ್ಲಿ ನೆಟ್ಟು, ಕೊಂಬೆಗಳನ್ನೆಲ್ಲ ಒಟ್ಟು ಸೇರಿಸಿ ಗೋಡೆಗೆ ಒತ್ತಿ ಕಟ್ಟುತ್ತೇವೆ. ಎಲೆಗೆ ಬಿಳಿ ಹತ್ತುವ ಬೂದಿ ರೋಗ ಶುರುವಾಗುವುದು ಅಲ್ಲಿಂದ.

ಬೆಂಗಳೂರಿನ ಸೀಮೆಯಲ್ಲಿ ಮುಂಗಾರು ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್ ಹೊತ್ತಿಗೆ ಗುಲಾಬಿ ಸವರುವುದು ರೂಢಿ. ನವೆಂಬರಿನಲ್ಲಿ ಕೆಂಪು ಚಿಗುರು ತುಂಬಿ ಬರುತ್ತದೆ. ರಾತ್ರಿ 15–16 ಡಿಗ್ರಿಯ ತಂಪು ಮತ್ತು ತೇವ, ಹಗಲು 26–27 ಡಿಗ್ರಿಯ ಒಣ ಹವೆ: ಬೂದಿ ರೋಗದ ಶಿಲೀಂಧ್ರಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ. ಅದಕ್ಕೆ ಬೇಕಾದ ಎಳೆ ಎಲೆಯೂ ಆಗಲೇ ಸಿದ್ಧ. ಕಳೆದ ಚಳಿಗಾಲದಲ್ಲಿ ಮೇಲಿನ ಮನೆಯ ಹುಡುಗಿ ತನ್ನ ಗುಲಾಬಿಯ ಒಂದು ಕುಡಿ ಹಿಡಿದು ಬಂದಳು.

"ಆಂಟಿ, ಯಾರೋ ಮೈದಾ ಚೆಲ್ಲಿದ ಹಾಗಿದೆ ನೋಡಿ. ಔಷಧಿ ಅಂಗಡೀಲಿ ಏನಂತ ಕೇಳ್ಲಿ?"

"ಅಂಗಡಿಗೆ ಆಮೇಲೆ ಹೋಗೋಣಮ್ಮ. ಮೊದಲು ಗಿಡ ಎಲ್ಲಿದೆ ತೋರಿಸು."

ಕುಡಿಯನ್ನು ಭೂತಗನ್ನಡಿಯಡಿ ಇಟ್ಟು ಇಬ್ಬರೂ ನೋಡಿದೆವು. ಎಲೆಯಂಚು ಮೇಲಕ್ಕೆ ಮಡಚಿ, ಬೆನ್ನಿನಲ್ಲಿ ನೇರಳೆ ಛಾಯೆ ಬಂದಿತ್ತು. ಮೊಗ್ಗಿನ ತೊಟ್ಟಿನ ಮೇಲೆ ಬಿಳಿಯ ಎಳೆಗಳು ಹೆಣೆದುಕೊಂಡಿದ್ದವು. ಅವುಗಳಿಂದ ನೆಟ್ಟಗೆದ್ದ ಕಡ್ಡಿಗಳ ತುದಿಯಲ್ಲಿ ಬೀಜಕಣಗಳು ಒಂದರ ಮೇಲೊಂದು ಕುಳಿತು ಬೆಳ್ಳಗೆ ಮಿನುಗುತ್ತಿದ್ದವು. ಈ ಶಿಲೀಂಧ್ರದ ಹೆಸರು ಪೊಡೊಸ್ಫೀರಾ ಪ್ಯಾನೋಸಾ. ಅದರ ಮೈಯೆಲ್ಲ ಎಲೆಯ ಮೇಲೆಯೇ ಹರಡಿರುತ್ತದೆ. ಒಳಗಿಳಿಯುವುದು ಹೀರುವ ಸಣ್ಣ ಬೇರುಗಳು ಮಾತ್ರ, ಅದೂ ಮೇಲಿನ ಒಂದು ಪದರಕ್ಕೆ. ಬೀಜಕಣ ಎಲೆಗೆ ಬಿದ್ದು ಮತ್ತೆ ಹೊಸ ಬೀಜಕಣ ಹಾರಿಸಲು ವಾರವೂ ಬೇಕಿಲ್ಲ.

ಹುಡುಗಿಗೆ ಇನ್ನೊಂದು ಭಯವಿತ್ತು. ಕುಂಬಳದ ಬಳ್ಳಿಗೂ ಬಿಳಿ ಬಂದಿದೆ, ಅದರಿಂದಲೇ ಗುಲಾಬಿಗೆ ಅಂಟಿತೇ ಎಂದು. ಇಲ್ಲ. ನೋಡಲು ಒಂದೇ ಆದರೂ ಕುಂಬಳದ ಬೂದಿ ಬೇರೆ, ದ್ರಾಕ್ಷಿಯದು ಬೇರೆ, ಗುಲಾಬಿಯದು ಬೇರೆ. ಬಳ್ಳಿಯನ್ನು ಕಿತ್ತೆಸೆದರೆ ಗುಲಾಬಿ ವಾಸಿಯಾಗುವುದಿಲ್ಲ. ಗಿಡದ ಗುರುತು, ರೋಗದ ಗುರುತು ಎರಡೂ ಬೇಕೆನ್ನುವುದು ಇದಕ್ಕೇ.

ಚಿಕಿತ್ಸೆಗೆ ನಾನು ಹಿಡಿಯುವ ಕ್ರಮ ಇದು. ಬಿಳಿ ಹತ್ತಿದ ಕುಡಿ, ಮೊಗ್ಗುಗಳನ್ನು ಕತ್ತರಿಸಿ ಚೀಲಕ್ಕೆ ಹಾಕಿ ಹೊರಗೆ ಕಳಿಸುವುದು, ಬುಡದಲ್ಲಿ ಬಿಡಬಾರದು. ಯೂರಿಯಾ ನಿಲ್ಲಿಸುವುದು, ಅದು ತರಿಸುವ ಮೆತ್ತನೆಯ ಚಿಗುರೇ ರೋಗಕ್ಕೆ ಆಹಾರ. ಆಮೇಲೆ ನೀರಿನಲ್ಲಿ ಬೆರೆಯುವ ಗಂಧಕ, ಲೀಟರಿಗೆ 2ರಿಂದ 3 ಗ್ರಾಂ, ಎಲೆಯ ಎರಡೂ ಮಗ್ಗುಲಿಗೆ. ಬಿಸಿಲು 32 ಡಿಗ್ರಿ ದಾಟುವ ದಿನ ಬೇಡ, ಎಲೆ ಸುಡುತ್ತದೆ. ಬೇವಿನೆಣ್ಣೆ ಹೊಡೆದಿದ್ದರೆ ಎರಡು ವಾರ ಬಿಟ್ಟು ಗಂಧಕ. ಹಳೆಯ ಮದ್ದು ಇದು: 1845ರಲ್ಲಿ ಇಂಗ್ಲೆಂಡಿನ ಮಾರ್ಗೇಟಿನಲ್ಲಿ ಟಕ್ಕರ್ ಎಂಬ ತೋಟಗಾರ ದ್ರಾಕ್ಷಿಯ ಮೇಲೆ ಬಿಳಿ ಕಂಡು, ಪೀಚ್ ಗಿಡದ ಇಂಥದೇ ರೋಗಕ್ಕೆ ಗಂಧಕ ಬಳಸುತ್ತಿದ್ದುದನ್ನು ನೆನೆದು ಇಲ್ಲೂ ಹಾಕಿದ, ಮುಂದೆ ಯುರೋಪಿನ ದ್ರಾಕ್ಷಿತೋಟಗಳನ್ನು ಉಳಿಸಿದ್ದು ಗಂಧಕವೇ. ಅಡುಗೆ ಸೋಡಾ ಮತ್ತು ಎಣ್ಣೆಯ ಮಿಶ್ರಣ ಗುಲಾಬಿಯ ಬೂದಿಯನ್ನು ತಡೆಯುತ್ತದೆಂದು 1992ರಲ್ಲಿ ಅಮೆರಿಕದ ಕೆನೆತ್ ಹಾರ್ಸ್ಟ್ ಮತ್ತು ಜೊತೆಗಾರರು ತೋರಿಸಿದರು. ನೀರಿಗೆ ಹಸುವಿನ ಹಾಲು ಬೆರೆಸಿ ಹೊಡೆದರೆ ಜುಕಿನಿಯ ಬೂದಿ ರೋಗ ಹತೋಟಿಗೆ ಬರುತ್ತದೆಂದು 1999ರಲ್ಲಿ ಬ್ರೆಜಿಲ್‌ನ ವಾಗ್ನರ್ ಬೆಟಿಯೋಲ್ ಬರೆದರು. ಮನೆಯಂಗಳಕ್ಕೆ ಇವೆರಡೂ ಆಗುತ್ತವೆ. ಸೋಡಾ ಮಾತ್ರ ಮಣ್ಣಿಗೆ ಉಪ್ಪು ಸೇರಿಸುವುದರಿಂದ ಪದೇ ಪದೇ ಬೇಡ.

ನೀರಿನ ವಿಷಯದಲ್ಲಿ ಸೂಕ್ಷ್ಮವೊಂದಿದೆ. ಬೂದಿ ರೋಗದ ಬೀಜಕಣಕ್ಕೆ ತೇವದ ಗಾಳಿ ಬೇಕು, ಎಲೆಯ ಮೇಲೆ ನಿಂತ ನೀರು ಬೇಡ. ಹಾಗಾಗಿ ಎಲೆಯನ್ನು ನೀರು ಚಿಮ್ಮಿಸಿ ತೊಳೆಯುವುದು ಅದಕ್ಕೆ ಕಡಿವಾಣ. ಆದರೆ ಗುಲಾಬಿಯ ಇನ್ನೊಂದು ಶತ್ರುವಾದ ಕಪ್ಪು ಚುಕ್ಕೆ ರೋಗ ಬರುವುದು ಎಲೆ ಗಂಟೆಗಟ್ಟಲೆ ಒದ್ದೆಯಾಗಿದ್ದಾಗ. ಒಂದನ್ನು ಓಡಿಸಲು ಹೋಗಿ ಇನ್ನೊಂದನ್ನು ಕರೆಯಬಾರದು. ಬೆಳಿಗ್ಗೆ ಏಳೆಂಟರೊಳಗೆ ತೊಳೆದರೆ ಬಿಸಿಲಿಗೆ ಒಣಗುತ್ತದೆ, ಸಂಜೆ ಬೇಡವೇ ಬೇಡ.

ಇಷ್ಟೆಲ್ಲ ಮಾಡಿದರೂ ಗಿಡ ಗೋಡೆಗೆ ಒತ್ತಿಕೊಂಡೇ ಇದ್ದರೆ ಮುಂದಿನ ಚಳಿಗಾಲಕ್ಕೆ ಬಿಳಿ ಮರಳಿ ಬರುತ್ತದೆ. ಹುಡುಗಿಯ ಗಿಡದ ಕಟ್ಟನ್ನು ಬಿಚ್ಚಿದೆವು. ಗೋಡೆಯಿಂದ ಗೇಣುದ್ದ ದೂರಕ್ಕೆ ತಂತಿ ಎಳೆದು, ಗಟ್ಟಿ ಕೊಂಬೆಗಳನ್ನಷ್ಟೇ ಉಳಿಸಿಕೊಂಡು, ಒಂದೊಂದನ್ನೂ ಬಿಡಿಬಿಡಿಯಾಗಿ ಅಡ್ಡಕ್ಕೆ ಬಾಗಿಸಿ ಬಾಳೆನಾರಿನಿಂದ ಸಡಿಲವಾಗಿ ಕಟ್ಟಿದೆವು. ನೆಟ್ಟಗಿರುವ ಕೊಂಬೆಯ ತುದಿ ಕೆಳಗಿನ ಮೊಗ್ಗುಗಳನ್ನು ಏಳಗೊಡುವುದಿಲ್ಲ. ಅಡ್ಡ ಮಲಗಿಸಿದರೆ ಆ ಹಿಡಿತ ಸಡಿಲಿ ಗೆಣ್ಣುಗೆಣ್ಣಿಗೂ ಹೂಗೊಂಬೆ ಏಳುತ್ತದೆ. ಬಿಸಿಲು, ಗಾಳಿ, ಹೆಚ್ಚು ಹೂ, ಮೂರೂ ಒಂದೇ ಕೆಲಸದಿಂದ ಒದಗುತ್ತವೆ.

ತೊಂಡೆಗೆ ಚಪ್ಪರ ಹಾಕಿದರೆ ಸಾಕು, ಅದು ತಾನೇ ಹಿಡಿದು ಏರುತ್ತದೆ. ವೀಳ್ಯಕ್ಕೆ ತೇವದ ಮರ ತೋರಿಸಿದರೆ ಸಾಕು. ಗುಲಾಬಿಗೆ ಹಿಡಿಯುವ ಕೈಯಿಲ್ಲ. ಅದು ಯಾವ ಗಾಳಿಯಲ್ಲಿ, ಎಷ್ಟು ಬಿಸಿಲಿನಲ್ಲಿ ಇರಬೇಕೆಂಬುದನ್ನು ಕಟ್ಟುವವರೇ ನಿರ್ಧರಿಸಬೇಕು. ಗಿಡ ಸಾಕುವವರು ಔಷಧಿಯ ಹೆಸರು ಕಲಿಯುವುದಕ್ಕೆ ಮೊದಲು ಕಲಿಯಬೇಕಾದ್ದು ಇದನ್ನು: ಈ ಗಿಡ ತಾನಾಗಿ ಏನು ಮಾಡಿಕೊಳ್ಳಬಲ್ಲದು, ಯಾವುದಕ್ಕೆ ನಮ್ಮನ್ನು ನೆಚ್ಚಿದೆ. ಅದನ್ನು ತಿಳಿದವರ ಅಂಗಳದಲ್ಲಿ ಗಂಧಕದ ಪೊಟ್ಟಣ ಬಹುದಿನ ಬಾಳಿಕೆ ಬರುತ್ತದೆ.