ಆರ್ಡರ್ ಇದೆ, ದುಡ್ಡು ಯಾವಾಗ?

ಈಗಷ್ಟೇ ಬೆಂಗಳೂರಿನ ರಕ್ಷಣಾ ಕಂಪನಿಯೊಂದರಲ್ಲಿ ಹಣಕಾಸು ಮುಖ್ಯಸ್ಥರ ಹುದ್ದೆಗೆ ಸಂದರ್ಶನ ಮುಗಿಸಿ ಹೊರಬಂದೆ. ಲಾಭದ ಬಗ್ಗೆ ಹೆಚ್ಚು ಕೇಳಲೇ ಇಲ್ಲ ಮಾರಾಯ್ರೆ! ಬರೀ ಬ್ಯಾಂಕ್ ಗ್ಯಾರಂಟಿ, ಮುಂಗಡ, ವಿಳಂಬದ ದಂಡ, ವರ್ಕಿಂಗ್ ಕ್ಯಾಪಿಟಲ್.

ಯೋಚಿಸಿದರೆ ಸರಿಯೇ. ಉದಾಹರಣೆಗೆ, 2021ರಲ್ಲಿ ಎಚ್‌ಎಎಲ್‌ಗೆ 83 ತೇಜಸ್ ಯುದ್ಧವಿಮಾನಗಳ ಆರ್ಡರ್ ಸಿಕ್ಕಿತು, ಸುಮಾರು 48,000 ಕೋಟಿ ರೂಪಾಯಿಯದ್ದು. ಅವಕ್ಕೆ ಬೇಕಾದ ಎಂಜಿನ್‌ಗಳಲ್ಲಿ ಮೊದಲನೆಯದನ್ನು ಅಮೆರಿಕದ ಜಿಇ ಕಂಪನಿ ಕೊಟ್ಟದ್ದು 2025ರ ಮಾರ್ಚ್‌ನಲ್ಲಿ! ಎಂಜಿನ್ ತಡವಾದರೆ ವಿಮಾನ ತಡ, ವಿಮಾನ ತಡವಾದರೆ ಬಿಲ್ಲೂ ತಡ. ಗ್ರಾಹಕನೋ ಹೆಚ್ಚುಕಡಿಮೆ ಒಬ್ಬನೇ, ಸರ್ಕಾರ. ಆರ್ಡರ್ ಬುಕ್ ಎಷ್ಟೇ ದಪ್ಪ ಇರಲಿ, ತಿಂಗಳ ಸಂಬಳ ಕೊಡೋದು ಕೈಯಲ್ಲಿರೋ ನಗದಿನಿಂದ ತಾನೇ?

ಇಲ್ಲಿ ದುಡ್ಡಿನ ಲೆಕ್ಕಕ್ಕಿಂತ ಕಾಯುವಿಕೆಯ ಲೆಕ್ಕ ಗೊತ್ತಿರಬೇಕು ಅನ್ನಿಸಿತು. ಈ ಕ್ಷೇತ್ರದಲ್ಲಿರೋರು ಏನಂತೀರಿ?