ಕೊಂಡಿ ಎಲ್ಲಿರಬೇಕು?

ಎತ್ತು ಕೊಳ್ಳುವವರು ಅದರ ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಟ್ರಾಕ್ಟರು ಕೊಳ್ಳುವವರು ಮಾತ್ರ ಅದರ ಮುಖವನ್ನು ಕಂಡೇ ಮರುಳಾಗುತ್ತಾರೆ. ಹಿಂಭಾಗಕ್ಕೆ ಹೋಗಿ ಬಗ್ಗಿ ನೋಡುವವರು ವಿರಳ. ತಿಪಟೂರಿನ ಸಮೀಪದ ಹಳ್ಳಿಯೊಂದರಲ್ಲಿ ನಾಲ್ಕು ಎಕರೆ ತೆಂಗಿನ ತೋಟವಿರುವ ನಿವೃತ್ತ ಗಣಿತದ ಮೇಷ್ಟ್ರೂ ಈ ತಪ್ಪಿಗೆ ಹೊರತಾಗಲಿಲ್ಲ. ಮೂವತ್ತು ವರ್ಷ ಹುಡುಗರ ಲೆಕ್ಕದಲ್ಲಿ ತಪ್ಪು ಹುಡುಕಿದ ಅವರು, ೧೮ ಅಶ್ವಶಕ್ತಿಯ ಹಳೆಯ ಪುಟ್ಟ ಟ್ರಾಕ್ಟರೊಂದನ್ನು ಬಣ್ಣ ಮಾಸಿಲ್ಲವೆಂದೂ ಎಂಜಿನ್ನಿನ ಸದ್ದು ಹದವಾಗಿದೆಯೆಂದೂ ಮೆಚ್ಚಿ ಕೊಂಡು ತಂದರು.

ಮನೆಯಾಕೆ ಆರತಿ ಎತ್ತಿ, ಗಾಲಿಗಳಡಿ ನಿಂಬೆಹಣ್ಣು ಇಡಿಸಿ, ಸುತ್ತ ಒಮ್ಮೆ ನೋಡಿ ಕೇಳಿದರು: “ಎಲ್ಲ ಸರಿ, ಇದಕ್ಕೆ ನೇಗಿಲನ್ನು ಎಲ್ಲಿ ಕಟ್ಟುತ್ತಾರೆ?”

ಮೇಷ್ಟ್ರು ಹಿಂದಕ್ಕೆ ಹೋಗಿ ನೋಡಿದ್ದು ಆಗಲೇ. ಭಾರ ಎತ್ತುವ ಲಿಫ್ಟಿನ ತೋಳುಗಳೇನೋ ಇದ್ದುವು. ಅವುಗಳಿಂದ ತೂಗಬೇಕಾಗಿದ್ದ ಸರಳುಗಳು ಇರಲಿಲ್ಲ. ಹಿಂದಿನ ಯಜಮಾನ ಅದನ್ನು ಟ್ರಾಲಿ ಎಳೆಯಲು ಮಾತ್ರ ಬಳಸಿದ್ದನು. ಉಳಿದಿದ್ದುದು ಕೆಳಗಡೆ ಟ್ರಾಲಿಯ ಪಿನ್ನು ತೊಡಿಸುವ ಕಬ್ಬಿಣದ ಪಟ್ಟಿಯೊಂದೇ.

ಸಲಹೆಗಳಿಗೆ ಬರವೇ? ವೆಲ್ಡಿಂಗ್ ಅಂಗಡಿಯವನು ಬಂದು, “ಯೋಚನೆ ಯಾಕೆ ಮೇಷ್ಟ್ರೇ? ಸೀಟಿನ ಕೆಳಗೆ ದಪ್ಪನೆಯದೊಂದು ಹುಕ್ಕು ಬೆಸೆದುಬಿಡುತ್ತೇನೆ. ಏನು ಬೇಕಾದರೂ ಎಳೆಯಿರಿ” ಎಂದನು. ಅಮೆರಿಕದಲ್ಲಿರುವ ಮಗ ದೂರವಾಣಿಯಲ್ಲಿ ಸ್ಲೀವ್ ಹಿಚ್ ಎಂಬ ಕೊಂಡಿಯ ಗುಣಗಾನ ಮಾಡಿದನು. ಅಲ್ಲಿಯ ಮನೆಗಳ ಹಿತ್ತಿಲಲ್ಲಿ ಹುಲ್ಲು ಕತ್ತರಿಸುವ ಗಾರ್ಡನ್ ಟ್ರಾಕ್ಟರುಗಳಿಗೆ ಅದು ರೂಢಿಯಂತೆ. ಒಂದೇ ಪಿನ್ನು ಸಿಕ್ಕಿಸಿದರೆ ಹಗುರವಾದ ಪುಟ್ಟ ನೇಗಿಲು ಸಿದ್ಧ. ಅದರೆ ಆ ಕೊಂಡಿಗೆ ಹೊಂದುವ ಸಲಕರಣೆ ತಿಪಟೂರಿನಲ್ಲಿ ದೊರೆಯಬೇಕಲ್ಲ! ಬಿಡಿಭಾಗದ ಅಂಗಡಿಯವನು ಹೇಳಿದ್ದು ಮೂರು ಬಿಂದುಗಳ ಜೋಡಣೆಯನ್ನು: ಕೆಳಗೆ ಎರಡು ಸರಳು, ಮೇಲೆ ಟಾಪ್ ಲಿಂಕ್ ಎಂಬ ಒಂದು. ಅದರ ಬೆಲೆ ಕೇಳಿ ಮೇಷ್ಟ್ರ ಮನಸ್ಸು ಮತ್ತೆ ವೆಲ್ಡಿಂಗಿನ ಕಡೆಗೇ ವಾಲಿತು.

ತಮ್ಮನ ಮಗ ಇಪ್ಪತ್ತೆರಡರ ಹುಡುಗ. ತೋಟದ ದುಡಿಮೆಯೆಲ್ಲ ಅವನದೇ. ಹುಕ್ಕು ಬೆಸೆಯುವ ಮೊದಲೇ ಅದರ ಪರೀಕ್ಷೆಯಾಗಲೆಂದು ಒಂದು ಸಂಜೆ ಅವನು, ಸೀಟಿನ ಕೆಳಗೆ ಹಿಂದಿನ ಅಚ್ಚಿಗಿಂತ ಎತ್ತರದಲ್ಲಿದ್ದ ಕಬ್ಬಿಣದ ಕಿವಿಗೆ ಸರಪಣಿ ಬಿಗಿದು, ಅದರ ಇನ್ನೊಂದು ತುದಿಯನ್ನು ಬಾವಿಯ ಬಳಿಯ ಹಳೆಯ ತೆಂಗಿನ ಬೊಡ್ಡೆಗೆ ಸುತ್ತಿದನು. ಟ್ರಾಕ್ಟರು ಮುಂದಕ್ಕೆ ಜಗ್ಗಿತು. ಬೊಡ್ಡೆ ಅಲುಗಲಿಲ್ಲ. ಅಲುಗಿದ್ದು ಟ್ರಾಕ್ಟರಿನ ಮೂತಿ: ಮುಂದಿನ ಎರಡು ಗಾಲಿಗಳೂ ನೆಲ ಬಿಟ್ಟು ಮೊಳದೆತ್ತರಕ್ಕೆ ಎದ್ದುವು. ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ದೊಡ್ಡಮ್ಮನ ಕೈಯಿಂದ ಮೊರ ಜಾರಿತು. ಹುಡುಗನ ಪುಣ್ಯ, ಕಾಲು ಕ್ಲಚ್ಚಿನ ಮೇಲೆಯೇ ಇತ್ತು, ಒತ್ತಿದನು. ಗಾಲಿಗಳು ದೊಪ್ಪನೆ ನೆಲಕ್ಕೆ ಬಿದ್ದುವು. ಯಾರಿಗೂ ಏನೂ ಆಗಲಿಲ್ಲ. ಆ ರಾತ್ರಿ ಮಾತ್ರ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ.

ಗಣಿತದ ಮೇಷ್ಟ್ರಿಗೆ ಕಾರಣವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಭಾರ ಅಲುಗದೆ, ಗಾಲಿಗಳೂ ಜಾರದೆ ನೆಲ ಹಿಡಿದು ನಿಂತರೆ, ಎಂಜಿನ್ನಿನ ಬಲ ಟ್ರಾಕ್ಟರಿನ ಮೈಯನ್ನೇ ಹಿಂದಿನ ಅಚ್ಚಿನ ಸುತ್ತ ಮೇಲಕ್ಕೆ ತಿರುಗಿಸತೊಡಗುತ್ತದೆ. ಕಟ್ಟಿದ ಜಾಗ ಅಚ್ಚಿಗಿಂತ ಮೇಲಿದ್ದರೆ ಆ ತಿರುಗಾಟಕ್ಕೆ ಸರಪಣಿಯೂ ನೆರವಾಗುತ್ತದೆ. ರೆಪ್ಪೆ ಬಡಿಯುವಷ್ಟರಲ್ಲಿ ಯಂತ್ರ ಮಗುಚಿ ಸವಾರನ ಮೇಲೆ ಬೀಳಬಹುದು. ಹುಕ್ಕು ಎಷ್ಟು ದಪ್ಪವಾಗಿದ್ದರೂ ಈ ಲೆಕ್ಕ ಬದಲಾಗದು.

ಈ ಭಯ ತಿಪಟೂರಿನ ತೋಟದಲ್ಲಿ ಹುಟ್ಟಿದ್ದಲ್ಲ. ಮೂರು ಬಿಂದುಗಳ ಜೋಡಣೆ ಹುಟ್ಟಿದ್ದೇ ಇಂಥ ಅಪಾಯವನ್ನು ಕಂಡು. ಐರ್ಲೆಂಡಿನ ರೈತನ ಮಗ ಹ್ಯಾರಿ ಫರ್ಗುಸನ್, ತಾನೇ ಕಟ್ಟಿದ ವಿಮಾನದಲ್ಲಿ ೧೯೦೯ರ ಕೊನೆಯ ದಿನ ಹಾರಿದ ಸಾಹಸಿ. ೧೯೧೭ರಲ್ಲಿ ಅಲ್ಲಿಯ ಕೃಷಿ ಮಂಡಲಿ ಟ್ರಾಕ್ಟರುಗಳ ಬಳಕೆಯನ್ನು ಸುಧಾರಿಸುವ ಕೆಲಸವನ್ನು ಆತನಿಗೆ ವಹಿಸಿತು. ಆಗ ನೇಗಿಲನ್ನು ಗಾಡಿಯಂತೆ ಹಿಂದೆ ಕಟ್ಟಿ ಎಳೆಯುತ್ತಿದ್ದರು. ಕುಳ ಕಲ್ಲಿಗೆ ಸಿಕ್ಕಿದರೆ ಟ್ರಾಕ್ಟರು ಹಿಂದಕ್ಕೆ ಮಗುಚುತ್ತಿತ್ತು. ಟ್ರಾಕ್ಟರೂ ನೇಗಿಲೂ ಬೇರೆಬೇರೆಯಾಗಿರದೆ ಒಂದೇ ಅಂಗವಾಗಬೇಕೆಂಬುದು ಫರ್ಗುಸನ್ನನ ಯೋಚನೆ. ಆತನ ಜೋಡಣೆಯಲ್ಲಿ ಕೆಳಗಿನ ಎರಡು ಸರಳುಗಳು ಎಳೆಯುತ್ತವೆ. ನೇಗಿಲು ತಡೆದಷ್ಟೂ ಮೇಲಿನ ಸರಳು ಟ್ರಾಕ್ಟರನ್ನು ಮುಂದಕ್ಕೆ ಒತ್ತಿ, ಮುಂದಿನ ಗಾಲಿಗಳು ನೆಲ ಬಿಡದಂತೆ ಕಾಯುತ್ತದೆ. ನೇಗಿಲಿನ ಭಾರ ಹಿಂದಿನ ಗಾಲಿಗಳ ಮೇಲೂ ಬೀಳುವುದರಿಂದ ಹಗುರವಾದ ಟ್ರಾಕ್ಟರಿಗೂ ನೆಲದ ಹಿಡಿತ ದೊರೆಯುತ್ತದೆ.

ವಿಚಿತ್ರವೆಂದರೆ, ಕಬ್ಬಿಣಕ್ಕೆ ಇಷ್ಟು ಭದ್ರವಾದ ಕೊಂಡಿ ಹಾಕಿದ ಆತ, ೧೯೩೮ರಲ್ಲಿ ಹೆನ್ರಿ ಫೋರ್ಡನೊಡನೆ ಬರಿಯ ಕೈಕುಲುಕಿ ಒಪ್ಪಂದ ಮಾಡಿಕೊಂಡನು. ಮರುವರ್ಷವೇ ಅವರಿಬ್ಬರ ಟ್ರಾಕ್ಟರು ಹೊರಬಂದಿತು. ಫೋರ್ಡನ ಮೊಮ್ಮಗನ ಕಾಲಕ್ಕೆ ಆ ನಂಟು ಕಡಿದು, ವ್ಯಾಜ್ಯ ನಡೆದು, ೧೯೫೨ರಲ್ಲಿ ಫರ್ಗುಸನ್ನನಿಗೆ ೯೨ ಲಕ್ಷ ೫೦ ಸಾವಿರ ಡಾಲರು ದೊರೆಯಿತು. ನಮ್ಮ ರೈತರು ‘ಮೆಸ್ಸಿ’ ಎಂದು ಕರೆಯುವ ಮ್ಯಾಸ್ಸಿ ಫರ್ಗುಸನ್ ಟ್ರಾಕ್ಟರಿನಲ್ಲಿರುವ ಹೆಸರೂ ಆತನದೇ.

ಮರುದಿನ ಮೇಷ್ಟ್ರು ತಾವು ಕೆಲಸ ಮಾಡಿದ ಶಾಲೆಯಿಂದ ವರ್ನಿಯರ್ ಕ್ಯಾಲಿಪರನ್ನು ಎರವಲು ತಂದರು. ಮೂರು ಬಿಂದುಗಳ ಜೋಡಣೆಯಲ್ಲಿಯೂ ವರ್ಗಗಳಿವೆ. ಸುಮಾರು ೨೦ ಅಶ್ವಶಕ್ತಿಯವರೆಗಿನವಕ್ಕೆ ಸೊನ್ನೆಯ ವರ್ಗ. ಅದರ ಕೆಳಪಿನ್ನಿನ ದಪ್ಪ ೫/೮ ಅಂಗುಲ. ಅದಕ್ಕಿಂತ ದೊಡ್ಡವಕ್ಕೆ ಒಂದನೆಯ ವರ್ಗ. ಅದರದು ೭/೮ ಅಂಗುಲ. ವ್ಯತ್ಯಾಸ ಕಾಲಂಗುಲ ಮಾತ್ರ. ಆದರೆ ದಪ್ಪ ಪಿನ್ನು ಸಣ್ಣ ತೂತಿಗೆ ಹೋಗದು. ಸಣ್ಣ ಪಿನ್ನು ದೊಡ್ಡ ತೂತಿನಲ್ಲಿ ಕುಣಿದು ಕುಣಿದು ಎರಡೂ ಸವೆಯುತ್ತವೆ. ಅಶ್ವಶಕ್ತಿಯ ಲೆಕ್ಕದಲ್ಲಿ ಸೊನ್ನೆಯ ವರ್ಗವೇ ಸಾಕಾಗಿತ್ತು. ಆದರೆ ಪಕ್ಕದ ತೋಟದಿಂದ ಎರವಲು ಸಿಗುವ ಪುಟ್ಟ ರೋಟಾವೇಟರಿನ ಪಿನ್ನನ್ನು ಅಳೆದಾಗ ೭/೮ ಅಂಗುಲ ಬಂದಿತು. ಎರಡು ಪಿನ್ನುಗಳ ನಡುವಣ ಅಂತರವನ್ನೂ ಅಳೆದರು. ಅದು ಅವರ ಟ್ರಾಕ್ಟರಿನ ಅಗಲಕ್ಕೆ ಹೊಂದುತ್ತಿತ್ತು. ಆ ಅಳತೆಯ ಸರಳುಗಳನ್ನೇ ತರಿಸಿದರು. ಕೆಳಗಿನ ಪಟ್ಟಿಯನ್ನು ಟ್ರಾಲಿಗಾಗಿ ಹಾಗೆಯೇ ಉಳಿಸಿದರು. ವೆಲ್ಡಿಂಗಿನವನಿಗೆ ಕಾಫಿ ಕೊಟ್ಟು ಕಳುಹಿಸಿದರು.

“ಬಹಳ ಖರ್ಚಾಯಿತು, ದೊಡ್ಡಪ್ಪ” ಎಂದು ಹುಡುಗ ತಲೆತಗ್ಗಿಸಿಕೊಂಡು ಹೇಳಿದನು.

“ನಿನಗಿಂತ ಹೆಚ್ಚೇನೋ?” ಎಂದರು ಮೇಷ್ಟ್ರು. ಅಷ್ಟು ಮೆತ್ತನೆಯ ಮಾತನ್ನು ಅವರ ಬಾಯಿಂದ ಅವನು ಹಿಂದೆ ಕೇಳಿರಲಿಲ್ಲ.

ತೆಂಗಿನ ಬೊಡ್ಡೆ ಇಂದಿಗೂ ಅಲ್ಲಿಯೇ ಇದೆ. ಅದನ್ನು ಕೀಳಿಸಲು ದೊಡ್ಡಮ್ಮ ಒಪ್ಪಲಿಲ್ಲ. ಬೇಸಗೆಯಲ್ಲಿ ಅದರ ಮೇಲೆ ಮೊರವಿಟ್ಟು ಸಂಡಿಗೆ ಒಣಗಿಸುತ್ತಾರೆ. ಹುಡುಗ ಬೆಳಗ್ಗೆ ಟ್ರಾಕ್ಟರಿನ ಬಳಿ ಬಂದೊಡನೆ ಅಡಿಗೆಮನೆಯ ಕಿಟಕಿಯಿಂದ ಅವರ ದನಿ ಕೇಳುತ್ತದೆ: “ಹಿಂದೆ ನೋಡಿದೆಯೇನೋ?”

ಹುಡುಗ ಬಗ್ಗಿ, ಒಂದೊಂದು ಪಿನ್ನನ್ನೂ ಕೈಯಿಂದ ಮುಟ್ಟಿ ನೋಡಿ, ಆಮೇಲೆ ಉತ್ತರ ಕೊಡುತ್ತಾನೆ: “ನೋಡಿದೆ, ದೊಡ್ಡಮ್ಮ. ಮೂರೂ ಇವೆ.”