ನಿರ್ಜಲ ಏಕಾದಶಿಯ ಗೋಡೆ

ಅಡುಗೆಮನೆಯ ಸಿಂಕಿನ ನಲ್ಲಿ ತೊಟ್ಟಿಕ್ಕಲು ಶುರುವಾಗಿ ಮೂರು ವಾರವಾಗಿತ್ತು. ನನಗೇನೂ ಅವಸರವಿರಲಿಲ್ಲ. ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ನಾಯಿಗಳೂ ಮಲಗಿದ ಮೇಲೆ, ಸ್ಟೀಲಿನ ತಳಕ್ಕೆ ಬೀಳುವ ಆ 'ಟಪ್'ಗೆ ತಾಳ ಹಾಕುತ್ತ ನಿದ್ದೆಹೋಗುತ್ತಿದ್ದೆ. ಮನೆಯವಳ ಸಂಗೀತಾಭಿರುಚಿಯೇ ಬೇರೆ. "ವಾಷರ್ ಹಾಕಿಸಿ ಹಾಕಿಸಿ ಸಾಕಾಯ್ತು ಕಣ್ರೀ, ಹೊಸದೇ ತಂದ್ಬಿಡಿ" ಎಂದಳು.

ಮಾಗಡಿ ರಸ್ತೆಯ ಸ್ಯಾನಿಟರಿ ಅಂಗಡಿಗೆ ಹೋದೆ. ಗೋಡೆ ತುಂಬ ನಲ್ಲಿಗಳು. ಗಿಡ್ಡ ಪಿಲ್ಲರ್ ಕಾಕು, ಉದ್ದ ಮೂಗಿನ ಲಾಂಗ್ ಬಾಡಿ, ಹಂಸದಂತೆ ಕತ್ತು ಬಾಗಿಸಿ ನಾಚಿಕೊಂಡ ಸಿಂಕ್ ಕಾಕು. ಇಷ್ಟಿದ್ದೂ ಒಂದರಲ್ಲೂ ತೊಟ್ಟು ನೀರಿಲ್ಲ. ಇಡೀ ಗೋಡೆ ನಿರ್ಜಲ ಏಕಾದಶಿ ಹಿಡಿದಿತ್ತು. ಹಾಡು ಕೇಳದೆ ಬರೀ ಫೋಟೋ ನೋಡಿ ಗಾಯಕನಿಗೆ ಮುಂಗಡ ಕೊಡುವ ಕೆಲಸ ಇದು.

ಕೇಳುವಂತಿಲ್ಲದ ಮೇಲೆ ತಿರುವಿಯಾದರೂ ನೋಡಬೇಕಲ್ಲ. ಹಳೆಯ ನಲ್ಲಿಯನ್ನು ಸುತ್ತಿ ಸುತ್ತಿ, ಒಳಗಿನ ವಾಷರು ನೀರಿನ ದಾರಿಯನ್ನು ಅದುಮುವಂತೆ ಬಿಗಿಮಾಡಬೇಕಿತ್ತು. ನಮ್ಮಜ್ಜಿ ಬಿಗಿದ ನಲ್ಲಿಯನ್ನು ಮನೆಯಲ್ಲಿ ಬೇರೆ ಯಾರಿಗೂ ಬಿಚ್ಚಲಾಗುತ್ತಿರಲಿಲ್ಲ. ಮುಂಗೋಪವೆಲ್ಲ ಆ ಮಣಿಕಟ್ಟಿನಲ್ಲಿತ್ತು. ಈಗಿನದಕ್ಕೆ ಕಾಲು ಸುತ್ತು ಸಾಕು. ಒಳಗೆ ನುಣ್ಣನೆಯ ಎರಡು ಸೆರಾಮಿಕ್ ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ. ತೂತಿಗೆ ತೂತು ಕೂಡಿದರೆ ನೀರು, ತಪ್ಪಿದರೆ ಇಲ್ಲ. ಬೀಸುವಕಲ್ಲಿನ ಮರಿಮಗಳು ಎಂದುಕೊಂಡು ತಿರುವಿದೆ. ಕೋಪ ತೋರಿಸಲು ಜಾಗವೇ ಇಲ್ಲ.

ಒಂದು ವಿದೇಶಿ ಸುಂದರಿಯ ಮುಂದೆ ನಿಂತುಬಿಟ್ಟೆ. ಅಂಗಡಿಯ ಹುಡುಗ ಕೇಳಿದ: "ಸಾರ್, ಸಿಂಕಿನಿಂದ ಟ್ಯಾಂಕ್ ಎಷ್ಟು ಮೇಲಿದೆ?"

"ಹತ್ತಡಿ ಇರಬಹುದು."

"ಹಂಗಾದ್ರೆ ಬೇಡ ಬಿಡಿ. ಇದಕ್ಕೆ ಪ್ರೆಷರ್ ಜಾಸ್ತಿ ಬೇಕು."

ನೀರು ಹತ್ತು ಮೀಟರ್ ಇಳಿದರೆ ಒಂದು ಬಾರ್ ಒತ್ತಡವಂತೆ. ನಮ್ಮ ಹತ್ತಡಿಗೆ ಅದರ ಮೂರನೆಯ ಒಂದು ಪಾಲೂ ಬರುವುದಿಲ್ಲ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ನಡೆದು, 500 ಮೀಟರಿನಷ್ಟು ಎತ್ತರ ಹತ್ತಿ ಬರುವ ಕಾವೇರಿ, ನಮ್ಮ ಮನೆಯ ಕೊನೆಯ ಹತ್ತಡಿಯಲ್ಲಿ ಮರ್ಯಾದೆ ಕಳೆದುಕೊಳ್ಳಬೇಕೆ!

ಹುಡುಗ ಇನ್ನೊಂದನ್ನು ಅಂಗೈಗಿಟ್ಟ. "ಹಿತ್ತಾಳೆ ಸಾರ್, ತೂಕ ನೋಡಿ." ಮೂತಿಯಲ್ಲಿ ಜಾಲರಿಯ ಏರೇಟರ್. 2024ರ ಬರದ ಬೇಸಿಗೆಯಲ್ಲಿ ಜಲಮಂಡಳಿ ಅಂಗಡಿ ಮಳಿಗೆ, ಅಪಾರ್ಟ್‌ಮೆಂಟುಗಳಿಗೆ ಕಡ್ಡಾಯ ಮಾಡಿದ್ದು ಇದನ್ನೇ. ಹಾಲಿಗೆ ನೀರು ಬೆರೆಸುವ ವಿದ್ಯೆ ನಾಡಿಗೇ ಗೊತ್ತು; ನೀರಿಗೆ ಗಾಳಿ ಬೆರೆಸುವ ವಿದ್ಯೆ ಈಗ ಬಂತು.

ಗಾಳಿಯೆಂದರೆ ನಮ್ಮ ಹಳೆಯ ವಠಾರದ ನಲ್ಲಿ ನೆನಪಾಯಿತು. ಈ ಮಾಗಡಿ ರಸ್ತೆಗೆ ನೀರಿನ ನಂಟು ಹಳೆಯದು. ಅರ್ಕಾವತಿ, ಕುಮುದ್ವತಿ ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಜಲಾಶಯವಾದ ಮೇಲೆ, ಊರಿನ ಈ ಪಡುವಣ ದಿಕ್ಕು ಬಹುಕಾಲ ಕುಡಿದದ್ದು ಅಲ್ಲಿಯ ನೀರು. ರಾಜಾಜಿನಗರದ ನಮ್ಮ ವಠಾರಕ್ಕೆಲ್ಲ ಒಂದೇ ಹಿತ್ತಾಳೆ ನಲ್ಲಿ. ರಾತ್ರಿ ಅದನ್ನು ತೆರೆದಿಟ್ಟೇ ಮಲಗುವುದು. ನಸುಕಿನಲ್ಲಿ ಮೊದಲು 'ಸುಯ್' ಎಂದು ಗಾಳಿ, ಆಮೇಲೆ ಮುದುಕರ ಕೆಮ್ಮು, ಆಮೇಲೆ ತುಕ್ಕಿನ ಕೆಂಪು, ಆಮೇಲಷ್ಟೇ ಗಂಗಮ್ಮ. ಆ ಸುಯ್ಲಿಗೆ ಎಂಟು ಮನೆಯ ಬಿಂದಿಗೆಗಳು ಒಟ್ಟಿಗೆ ಎದ್ದು ಕೂರುತ್ತಿದ್ದವು. "ನೀರು ಬಂತಾ?" ಎನ್ನುವುದು ಅಲ್ಲಿ ಪ್ರಶ್ನೆಯಲ್ಲ, ನಮಸ್ಕಾರ.

ಕಡೆಗೆ ಹಂಸಗತ್ತಿನದನ್ನೇ ತಂದೆ. ಕಾರಣ ಸೌಂದರ್ಯವಲ್ಲ, ಅದರ ಕೆಳಗೆ ಐದು ಲೀಟರಿನ ಕುಕ್ಕರು ನೆಟ್ಟಗೆ ನಿಲ್ಲುತ್ತದೆ ಎಂಬ ಗೃಹಾಜ್ಞೆ. ಪ್ಲಂಬರ್ ಬಿಳಿ ಟೇಪು ಸುತ್ತಿ ಹತ್ತು ನಿಮಿಷದಲ್ಲಿ ಕೂರಿಸಿದ. ಹಳೆಯದನ್ನು ನನ್ನ ಕೈಗಿಟ್ಟು, "ಗುಜರಿಗೆ ಹಾಕಿ ಸಾರ್, ಹಿತ್ತಾಳೆಗೆ ಒಳ್ಳೆ ರೇಟಿದೆ" ಎಂದ.

ಹಾಕಿಲ್ಲ. ಬರೆಯುವ ಮೇಜಿನ ಮೇಲೆ ಕಾಗದ ಹಾರದಂತೆ ಕೂತಿದೆ. ವಾಕ್ಯ ಮುಂದೆ ಹೋಗದಿದ್ದಾಗ ತಿರುವುತ್ತೇನೆ. ಯಾರೂ ಇಲ್ಲದಿದ್ದರೆ ಅದರ ಹಿಂಬಾಯಿಗೆ ತುಟಿಯಿಟ್ಟು ಊದುತ್ತೇನೆ. ನಿನ್ನೆ ಸ್ವಲ್ಪ ಜೋರಾಗಿಯೇ 'ಸುಯ್' ಎಂದಿರಬೇಕು. ಒಳಗಿನಿಂದ ಅವಳ ದನಿ ಬಂತು:

"ರೀ, ನೀರು ಬಂತಾ?"